ರೋಯಿಂಗ್ ಶುರು ಮಾಡುವವರಿಗೆ: ದೋಣಿ, ಹುಟ್ಟು, ಮೊದಲ ತಿಂಗಳ ತಪ್ಪುಗಳು

@ಕೆರೆದಂಡೆ

ರೋಯಿಂಗ್ ಕಲಿಯಬೇಕು, ಎಲ್ಲಿಂದ ಶುರು ಮಾಡೋದು ಅಂತ ಇಲ್ಲಿ ತುಂಬ ಜನ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲ ಒಂದೇ ಕಡೆ ಇರಲಿ ಅಂತ ಈ ಎಳೆ ತೆರೆದಿದ್ದೇನೆ. ತಿಳಿದವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಮೊದಲು ಒಂದು ಗೊಂದಲ ಕಳೆಯೋಣ. ಹರಿಗೋಲು, ಕಯಾಕ್, ಕೆನೋ ಇವುಗಳಲ್ಲಿ ಹುಟ್ಟು ಬರೀ ಕೈಯಲ್ಲಿರುತ್ತದೆ, ದೋಣಿಗೆ ಸಿಕ್ಕಿಸಿರುವುದಿಲ್ಲ. ಮುಖವೂ ಹೋಗುವ ದಿಕ್ಕಿಗೇ ಇರುತ್ತದೆ. ರೋಯಿಂಗ್ ದೋಣಿಯಲ್ಲಿ ಹೊರಕ್ಕೆ ಚಾಚಿದ ರಿಗ್ಗರ್ ಎಂಬ ತೋಳು ಇರುತ್ತದೆ. ಅದರ ತುದಿಯ ಗೇಟಿನೊಳಗೆ ಹುಟ್ಟು ಕೂರುತ್ತದೆ. ಕೂತವರ ಬೆನ್ನು ಹೋಗುವ ದಿಕ್ಕಿಗೆ. ಪಾದಗಳು ಸ್ಟ್ರೆಚರ್ ಎಂಬ ಹಲಗೆಗೆ ಬಿಗಿದ ಶೂಗಳಲ್ಲಿ. ಸೀಟಿಗೆ ನಾಲ್ಕು ಸಣ್ಣ ಗಾಲಿ, ಅದು ಹಳಿಯ ಮೇಲೆ ಹಿಂದೆ ಮುಂದೆ ಉರುಳುತ್ತದೆ. ಈ ಉರುಳುವ ಸೀಟು ಇರುವುದರಿಂದಲೇ ಇದು ಕಾಲಿನ ಆಟ. ಹೊರಗಿನಿಂದ ನೋಡಿದವರಿಗೆ ತೋಳಿನ ಆಟದಂತೆ ಕಾಣುತ್ತದೆ, ಮೊದಲ ದಿನ ಎಲ್ಲರೂ ತೋಳಿನಿಂದಲೇ ಎಳೆಯುತ್ತಾರೆ, ಹತ್ತು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ.

ಒಬ್ಬೊಬ್ಬರಿಗೂ ಎರಡೆರಡು ಹುಟ್ಟು ಇದ್ದರೆ ಅದು ಸ್ಕಲ್ಲಿಂಗ್: ಸಿಂಗಲ್ (ಒಬ್ಬರು), ಡಬಲ್ (ಇಬ್ಬರು), ಕ್ವಾಡ್ (ನಾಲ್ವರು). ಒಬ್ಬರಿಗೆ ಒಂದೇ ಉದ್ದನೆಯ ಹುಟ್ಟು, ಅದನ್ನು ಎರಡೂ ಕೈಯಿಂದ ಹಿಡಿದರೆ ಅದು ಸ್ವೀಪ್: ಪೇರ್, ಫೋರ್, ಎಯ್ಟ್. ಎಯ್ಟ್‌ನಲ್ಲಿ ಎಂಟು ಜನರ ಜೊತೆಗೆ ಚುಕ್ಕಾಣಿ ಹಿಡಿದು ಕೂಗಿ ಹೇಳುವ ಕಾಕ್ಸ್ ಇರುತ್ತಾರೆ. ಸ್ಕಲ್ ಹುಟ್ಟು ಸುಮಾರು 2.85 ಮೀಟರ್, ಸ್ವೀಪ್ ಹುಟ್ಟು ಸುಮಾರು 3.75 ಮೀಟರ್. ರೇಸಿಂಗ್ ಸಿಂಗಲ್ ಸುಮಾರು 8 ಮೀಟರ್ ಉದ್ದ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದರ ಕನಿಷ್ಠ ತೂಕ 14 ಕೆಜಿ, ಎಯ್ಟ್‌ನದು 96 ಕೆಜಿ. ನೀರಿನ ಮಟ್ಟದಲ್ಲಿ ಸಿಂಗಲ್‌ನ ಅಗಲ ಒಂದು ಗೇಣಿಗಿಂತ ಸ್ವಲ್ಪವೇ ಹೆಚ್ಚು. ಹುಟ್ಟು ಬಿಟ್ಟರೆ ಅದು ನಿಲ್ಲುವುದೇ ಇಲ್ಲ, ಮಗುಚುತ್ತದೆ. ಕಲಿಯುವವರಿಗೆ ಕೊಡುವ ಟ್ರೇನಿಂಗ್ ಸಿಂಗಲ್ ಇದಕ್ಕಿಂತ ಅಗಲ, ತೂಕವೂ ಹೆಚ್ಚು. ಅದನ್ನೇ ಕೇಳಿ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಒಲಿಂಪಿಕ್ಸ್ ದೂರ 2000 ಮೀಟರ್. 2028ರ ಲಾಸ್ ಏಂಜಲೀಸ್‌ನಲ್ಲಿ ಮಾತ್ರ ಲಾಂಗ್ ಬೀಚ್‌ನ ನೀರು ಅಷ್ಟು ಉದ್ದ ಇಲ್ಲದ ಕಾರಣ 1500 ಮೀಟರ್. ಜರ್ಮನಿಯ ಪುರುಷರ ಎಯ್ಟ್ 2017ರಲ್ಲಿ ಪೋಲೆಂಡಿನ ಪೋಜ್ನಾನ್‌ನಲ್ಲಿ 2000 ಮೀಟರನ್ನು 5 ನಿಮಿಷ 18.68 ಸೆಕೆಂಡಿನಲ್ಲಿ ಮುಗಿಸಿತು. ಹೊಸಬರು ಟ್ರೇನಿಂಗ್ ಸಿಂಗಲ್‌ನಲ್ಲಿ ಅದೇ ದೂರಕ್ಕೆ ಹದಿನೈದು ನಿಮಿಷ ತೆಗೆದುಕೊಂಡರೂ ಚಿಂತೆ ಇಲ್ಲ.

@ಎಡಗೈ_ಮೇಲೆ

ಕೆರೆದಂಡೆ ಸರ್ ಶುರು ಮಾಡಿದ್ದು ಒಳ್ಳೆಯದಾಯಿತು. ದಿಕ್ಕಿನ ಮಾತುಗಳನ್ನು ಸೇರಿಸುತ್ತೇನೆ, ಇದು ಗೊತ್ತಿಲ್ಲದೆ ಕೋಚ್ ಹೇಳುವುದು ಒಂದೂ ತಲೆಗೆ ಹೋಗುವುದಿಲ್ಲ. ದೋಣಿ ಹೋಗುವ ಕಡೆಯ ತುದಿ ಬೋ, ಅದು ನಿಮ್ಮ ಬೆನ್ನಿಗಿರುತ್ತದೆ. ನಿಮ್ಮ ಕಣ್ಣೆದುರಿಗೆ ಇರುವುದು ಸ್ಟರ್ನ್. ಬೋ ತುದಿಗೆ ಕಡ್ಡಾಯವಾಗಿ ಒಂದು ರಬ್ಬರ್ ಚೆಂಡು ಇರಬೇಕು, ಢಿಕ್ಕಿಯಾದರೆ ಎದುರಿನವರಿಗೆ ಚುಚ್ಚದಿರಲಿ ಅಂತ. ಅದು ಸಡಿಲವಾಗಿದ್ದರೆ ದೋಣಿ ಇಳಿಸಬೇಡಿ. ಹಸಿರು ಗುರುತಿನ ಹುಟ್ಟು ಸ್ಟಾರ್‌ಬೋರ್ಡ್, ಕೆಂಪು ಪೋರ್ಟ್. ನೀವು ಹಿಂದಕ್ಕೆ ಮುಖ ಮಾಡಿ ಕೂತಿರುವುದರಿಂದ ಹಸಿರು ನಿಮ್ಮ ಎಡಗೈಗೆ, ಕೆಂಪು ಬಲಗೈಗೆ ಬರುತ್ತದೆ.

ಗೇಟು ತಿರುಗುಮುರುಗಾಗಿ ಹಾಕಿಕೊಂಡು ನೀರಿಗಿಳಿಯುವುದು ಹೊಸಬರ ತೀರಾ ಸಾಮಾನ್ಯ ತಪ್ಪು. ಗೇಟಿನ ತಿರುಪು ಸ್ಟರ್ನ್ ಕಡೆ, ಅಂದರೆ ನಿಮ್ಮ ಪಾದಗಳ ಕಡೆ ಇರಬೇಕು. ಎಳೆದಾಗ ಹುಟ್ಟು ಹಿಂದಿನ ಗೂಟದ ಮೇಲೆ ಒರಗಬೇಕು, ತಿರುಪಿನ ಮೇಲಲ್ಲ. ಹುಟ್ಟಿನ ನಡುವೆ ಇರುವ ಕಾಲರ್ ಗೇಟಿನ ಒಳಮಗ್ಗುಲಲ್ಲಿ, ನಿಮ್ಮ ಕಡೆಗೆ ಇರಬೇಕು. ಎಳೆಯುವಾಗ ಅದು ಗೇಟಿಗೆ ಸದಾ ತಾಗಿಕೊಂಡೇ ಇರಲಿ. ಅದಕ್ಕಾಗಿಯೇ ಹೆಬ್ಬೆರಳನ್ನು ಹಿಡಿಯ ತುದಿಗೆ ಇಟ್ಟು ಹಗುರಾಗಿ ಹೊರಕ್ಕೆ ಒತ್ತುವುದು.

@ಮುಂಜಾನೆ_ಐದೂವರೆ

ಹೊಸಬರ ಪರವಾಗಿ ಮೂರು ಪ್ರಶ್ನೆ. ಈಜು ಬರಲೇಬೇಕಾ? ಎತ್ತರ ಕಡಿಮೆ ಇದ್ದರೆ ಆಗುತ್ತದಾ? ನೇರ ಸಿಂಗಲ್‌ನಲ್ಲಿ ಶುರು ಮಾಡಬಹುದಾ, ಅಥವಾ ದೊಡ್ಡ ದೋಣಿಯಲ್ಲಿ ನಾಲ್ಕು ಜನರ ಜೊತೆ ಕೂರಬೇಕಾ?

@ಕೆರೆದಂಡೆ

ಈಜು ಬರಲೇಬೇಕು. ಹಾಕಿಕೊಂಡ ಬಟ್ಟೆಯಲ್ಲೇ 50 ಮೀಟರ್ ಈಜಿ, ಆಮೇಲೆ ಎರಡು ನಿಮಿಷ ಕಾಲು ಆಡಿಸುತ್ತ ತಲೆ ನೀರಿನ ಮೇಲೆ ಇಟ್ಟುಕೊಳ್ಳಲು ಆಗಬೇಕು. ಬರದಿದ್ದರೆ ಒಂದು ತಿಂಗಳು ಈಜುಕೊಳಕ್ಕೆ ಹೋಗಿ ಬನ್ನಿ, ದೋಣಿ ಎಲ್ಲೂ ಹೋಗುವುದಿಲ್ಲ. ಇದರಲ್ಲಿ ರಿಯಾಯಿತಿ ಕೊಡುವ ಕಡೆ ಕಲಿಯಲೇಬೇಡಿ.

ಎತ್ತರ ಇದ್ದವರಿಗೆ ಹುಟ್ಟು ನೀರಿನಲ್ಲಿ ಹೆಚ್ಚು ಉದ್ದಕ್ಕೆ ಸಾಗುತ್ತದೆ, ಅದು ನಿಜ. ಆದರೆ ಅದು ಪಂದ್ಯದ ಲೆಕ್ಕ. ಕಲಿಯಲು, ಆರೋಗ್ಯಕ್ಕೆ, ಊರಿನ ಮಟ್ಟದ ಸ್ಪರ್ಧೆಗೆ ಐದು ಅಡಿಯವರೂ ಚೆನ್ನಾಗಿ ಕೂರಬಹುದು, ಸ್ಟ್ರೆಚರ್ ಹಿಂದೆ ಮುಂದೆ ಸರಿಸಿಕೊಂಡರೆ ಸಾಕು. ವಯಸ್ಸಿನ ಬಗ್ಗೆಯೂ ಹಾಗೇ. ಭಾರತದ ದೊಡ್ಡ ಹೆಸರುಗಳಲ್ಲಿ ಹಲವರು ಸೇನೆ ಸೇರಿದ ಮೇಲೆ ಮೊದಲ ಸಲ ಹುಟ್ಟು ಹಿಡಿದವರು. ದತ್ತು ಭೋಕನಳ್ ಹಾಗೆ ಶುರು ಮಾಡಿ 2016ರ ರಿಯೋ ಒಲಿಂಪಿಕ್ಸ್ ಸಿಂಗಲ್‌ನಲ್ಲಿ 13ನೇ ಸ್ಥಾನ ಪಡೆದರು, 2018ರ ಏಷ್ಯನ್ ಗೇಮ್ಸ್‌ನಲ್ಲಿ ಕ್ವಾಡ್ ಚಿನ್ನ ಗೆದ್ದ ನಾಲ್ವರಲ್ಲಿ ಒಬ್ಬರಾದರು. ಅದಕ್ಕೂ ಮುಂಚೆ 2010ರ ಗುವಾಂಗ್‌ಝೌನಲ್ಲಿ ಬಜರಂಗ್ ಲಾಲ್ ತಾಖರ್ ಸಿಂಗಲ್‌ನಲ್ಲಿ ತಂದದ್ದು ಏಷ್ಯನ್ ಗೇಮ್ಸ್ ರೋಯಿಂಗ್‌ನಲ್ಲಿ ನಮ್ಮ ಮೊದಲ ಚಿನ್ನ.

ಮೂರನೆಯದಕ್ಕೆ ಬೇರೆಯವರೂ ಹೇಳಲಿ. ನನ್ನ ಮಟ್ಟಿಗೆ ಅಗಲದ ಸಿಂಗಲ್ಲೇ ಉತ್ತಮ ಗುರು. ಕೈ ಎತ್ತರ ಎರಡು ಬೆರಳು ತಪ್ಪಿದರೂ ಅದು ಆ ಕ್ಷಣವೇ ವಾಲಿ ಹೇಳುತ್ತದೆ. ದೊಡ್ಡ ದೋಣಿಯಲ್ಲಿ ಇನ್ನೊಬ್ಬರ ಬಲದ ಹಿಂದೆ ನಮ್ಮ ತಪ್ಪು ಮರೆಯಾಗುತ್ತದೆ.

@ಮೂರನೇ_ಸೀಟು

ಇದನ್ನು ಪೂರ್ತಿ ಒಪ್ಪಲಾರೆ. ಸಿಂಗಲ್‌ನಲ್ಲಿ ಹೊಸಬರು ಮೊದಲ ಐದು ದಿನ ಬೀಳದಿರುವುದರಲ್ಲೇ ಕಳೆಯುತ್ತಾರೆ. ಹೆದರಿಕೆಯಿಂದ ಭುಜ ಬಿಗಿಯುತ್ತದೆ, ಹಿಡಿತ ಬಿಗಿಯುತ್ತದೆ, ಸೀಟಿನ ಹಳಿಯ ಅರ್ಧಕ್ಕಿಂತ ಮುಂದೆ ಬರುವುದೇ ಇಲ್ಲ. ಕಾಕ್ಸ್ ಇರುವ ಕ್ವಾಡ್‌ನಲ್ಲಿ ಇಬ್ಬರು ಹುಟ್ಟನ್ನು ನೀರಿನ ಮೇಲೆ ಚಪ್ಪಟೆ ಇಟ್ಟು ದೋಣಿ ಹಿಡಿದುಕೊಂಡರೆ ಉಳಿದಿಬ್ಬರು ನಿಶ್ಚಿಂತೆಯಿಂದ ಪೂರ್ತಿ ಉದ್ದ ಎಳೆದು ಕಲಿಯಬಹುದು. ದಿಕ್ಕು ನೋಡುವ ಹೊಣೆಯೂ ಇರುವುದಿಲ್ಲ. ಆರೇಳು ಸಲ ಹೀಗೆ ಆದ ಮೇಲೆ ಸಿಂಗಲ್‌ಗೆ ಹೋಗಲಿ. ಆದರೆ ಶುರುವಿನಲ್ಲಿ ಸ್ವೀಪ್ ಬೇಡ, ಸ್ಕಲ್ಲಿಂಗ್‌ನಲ್ಲಿ ಮೈಯ ಎರಡೂ ಬದಿ ಸಮನಾಗಿ ದುಡಿಯುತ್ತದೆ. ಅದರಲ್ಲಿ ಕೆರೆದಂಡೆಯವರ ಜೊತೆ ಇದ್ದೇನೆ.

@ಎಡಗೈ_ಮೇಲೆ

ಇಬ್ಬರ ಮಾತಿನ ನಡುವೆ ಒಂದು ದಾರಿ ಇದೆ. ಸಿಂಗಲ್ಲೇ ಇರಲಿ, ಸ್ಟರ್ನ್‌ಗೆ ಹತ್ತು ಹದಿನೈದು ಮೀಟರ್ ಹಗ್ಗ ಕಟ್ಟಿ ದಂಡೆಯಿಂದ ಇನ್ನೊಬ್ಬರು ಹಿಡಿದುಕೊಳ್ಳಲಿ. ಎರಡು ದಿನ ಅಷ್ಟೇ ಸಾಕು, ಹೆದರಿಕೆ ಹೋಗುತ್ತದೆ.

@ಕಾಲೇ_ಎಂಜಿನ್

ದೋಣಿಗೆ ಹತ್ತುವ ಮುಂಚೆ ಎರಡು ವಾರ ರೋಯಿಂಗ್ ಮಷಿನ್ ಮೇಲೆ ಕಲಿತರೆ ನೀರಿನಲ್ಲಿ ಅರ್ಧ ಕಷ್ಟ ಕಡಿಮೆ. ಈಗ ಜಿಮ್‌ಗಳಲ್ಲೂ ಮಷಿನ್ ಇದೆ, ಆದರೆ ಅದರ ಮೇಲೆ ಜನ ಕೂತು ಮಾಡುವುದು ಬಹುಪಾಲು ತಪ್ಪು.

ಕ್ರಮ ಇಷ್ಟೇ. ಎಳೆಯುವಾಗ ಕಾಲು, ಸೊಂಟ, ತೋಳು. ಮರಳುವಾಗ ತೋಳು, ಸೊಂಟ, ಕಾಲು. ಅಂದರೆ ಮೊದಲು ಕಾಲಿನಿಂದ ಹಲಗೆ ತಳ್ಳಿ. ತೋಳು ನೇರ, ಬೆನ್ನು ಮುಂದಕ್ಕೆ ಬಾಗಿಯೇ ಇರಲಿ. ಕಾಲು ಮುಕ್ಕಾಲು ಚಾಚಿದಾಗ ಬೆನ್ನು ಸೊಂಟದಿಂದ ಹಿಂದಕ್ಕೆ ತೆರೆಯಲಿ, ಲಂಬದಿಂದ ತುಸು ಆಚೆಗಷ್ಟೇ, ಮಲಗುವಷ್ಟಲ್ಲ. ಕೊನೆಗೆ ತೋಳು, ಹಿಡಿ ಪಕ್ಕೆಲುಬಿನ ಕೆಳ ಅಂಚಿಗೆ. ಮರಳುವಾಗ ಮೊದಲು ಕೈ ಮಂಡಿ ದಾಟಬೇಕು, ಆಮೇಲೆ ಸೊಂಟದಿಂದ ಮುಂದೆ ಬಾಗಬೇಕು, ಆಮೇಲೆ ಮಂಡಿ ಮೇಲೇಳಬೇಕು. ಮಷಿನ್‌ನ ಸರಪಳಿ ಮಂಡಿಯ ಮೇಲೆ ಗುಡ್ಡ ಹತ್ತಿ ಇಳಿಯುತ್ತಿದ್ದರೆ ಮಂಡಿ ಬೇಗ ಏಳುತ್ತಿದೆ ಎಂದರ್ಥ. ಸರಪಳಿ ಹೋಗುವಾಗಲೂ ಬರುವಾಗಲೂ ಒಂದೇ ಗೆರೆಯಲ್ಲಿರಬೇಕು. ಮುಂದೆ ಬಂದಾಗ ಮೊಣಕಾಲ ಕೆಳಗಿನ ಮೂಳೆ ಲಂಬಕ್ಕೆ ಬಂದಲ್ಲಿ ನಿಲ್ಲಿ. ಅದಕ್ಕಿಂತ ಮುಂದೆ ಬಂದರೆ ತೊಡೆಗೆ ತಳ್ಳುವ ಬಲ ಉಳಿಯುವುದಿಲ್ಲ.

ಇನ್ನೊಂದು ತಪ್ಪಿದೆ, ಕಣ್ಣಿಗೆ ಬೇಗ ಬೀಳುವುದಿಲ್ಲ. ಕಾಲು ತಳ್ಳಿದ ತಕ್ಷಣ ಸೀಟು ಹಿಂದೆ ಹೋಗುತ್ತದೆ, ಹಿಡಿ ಮಾತ್ರ ಇದ್ದಲ್ಲೇ ಇರುತ್ತದೆ. ಬೆನ್ನಿನ ಬಿಗಿ ಇಲ್ಲದೆ ಕಾಲಿನ ಬಲ ಹುಟ್ಟಿಗೆ ತಲುಪದೆ ಸೋರಿಹೋಗುತ್ತಿದೆ ಅಂತ ಅರ್ಥ. ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆಯಿರಿ. ಸೀಟು ಒಂದು ಗೇಣು ಸರಿದರೆ ಹಿಡಿಯೂ ಒಂದು ಗೇಣು ಸರಿದಿರಬೇಕು.

ವೇಗ: ನಿಮಿಷಕ್ಕೆ 18ರಿಂದ 20 ಎಳೆತ. 20 ಅಂದರೆ ಒಂದು ಎಳೆತಕ್ಕೆ 3 ಸೆಕೆಂಡು. ಅದರಲ್ಲಿ ಎಳೆಯಲು 1, ಮರಳಲು 2.

@ಮುಂಜಾನೆ_ಐದೂವರೆ

ಮಷಿನ್ ಪಕ್ಕದ ಲಿವರ್ 10ಕ್ಕೆ ಇಟ್ಟರೆ ಹೆಚ್ಚು ವ್ಯಾಯಾಮ ಅಂತ ಜಿಮ್‌ನಲ್ಲಿ ಹೇಳುತ್ತಾರೆ. ಸರೀನಾ?

@ಕಾಲೇ_ಎಂಜಿನ್

ಸರಿಯಲ್ಲ. ಆ ಲಿವರ್ ಫ್ಯಾನ್ ಗೂಡಿಗೆ ಎಷ್ಟು ಗಾಳಿ ಹೋಗಬೇಕು ಅನ್ನುವುದನ್ನು ಮಾತ್ರ ನಿರ್ಧರಿಸುತ್ತದೆ. 10ರಲ್ಲಿ ಇಟ್ಟರೆ ಭಾರದ, ನಿಧಾನದ ದೋಣಿ ಎಳೆದಂತೆ. ಬಲವಂತರಿಗೂ ಅದರಲ್ಲಿ ಬೆನ್ನು ಬೇಗ ಸೋಲುತ್ತದೆ. ಸೈಕಲ್‌ನ ಗೇರ್ ಇದ್ದ ಹಾಗೆ, ಎಷ್ಟು ಕೆಲಸ ಮಾಡುತ್ತೀರಿ ಅನ್ನುವುದು ನೀವು ಎಷ್ಟು ಚುರುಕಾಗಿ ತಳ್ಳುತ್ತೀರಿ ಅನ್ನುವುದರ ಮೇಲಿದೆ.

ಲಿವರ್ ಅಂಕಿ ನಂಬುವ ಬದಲು ಡ್ರ್ಯಾಗ್ ಫ್ಯಾಕ್ಟರ್, ಅಂದರೆ ಫ್ಯಾನ್‌ಗೆ ಗಾಳಿ ಒಡ್ಡುವ ತಡೆಯ ಅಳತೆ, ನೋಡಿ. ಕಾನ್ಸೆಪ್ಟ್2 ಮಷಿನ್‌ನಲ್ಲಿ ಮೋರ್ ಆಪ್ಷನ್ಸ್ ಒಳಗೆ ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್ ಒತ್ತಿ ಹತ್ತು ಸಲ ಎಳೆದರೆ ಅಂಕಿ ಬರುತ್ತದೆ. ಹೊಸಬರಿಗೆ 110ರಿಂದ 125 ಸಾಕು, ಹಗುರ ಮೈಯವರಿಗೆ 100ರ ಹತ್ತಿರ. ಫ್ಯಾನ್ ಗೂಡಿನಲ್ಲಿ ಧೂಳು ತುಂಬಿದ್ದರೆ ಅದೇ ಲಿವರ್‌ನಲ್ಲಿ ಅಂಕಿ ಇಳಿಯುತ್ತದೆ. ಎತ್ತರದ ಊರಲ್ಲೂ ಇಳಿಯುತ್ತದೆ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗಾಳಿ ಮಂಗಳೂರಿಗಿಂತ ತೆಳು. ಮಂಗಳೂರಲ್ಲಿ 4ರಲ್ಲಿ ಬರುವ ಅಂಕಿಗೆ ಬೆಂಗಳೂರಲ್ಲಿ ಲಿವರನ್ನು ಸ್ವಲ್ಪ ಮೇಲೇರಿಸಬೇಕು.

ಪರದೆಯಲ್ಲಿ ಕಾಣುವ ಸ್ಪ್ಲಿಟ್ ಅಂದರೆ ಈ ವೇಗದಲ್ಲಿ 500 ಮೀಟರ್‌ಗೆ ಎಷ್ಟು ಹೊತ್ತು ಅಂತ. 2:30ಕ್ಕೆ ಬೇಕಾದ ಬಲ ಸುಮಾರು 104 ವಾಟ್. 2:00ಕ್ಕೆ ಸುಮಾರು 203 ವಾಟ್. ವೇಗ ಕಾಲು ಭಾಗ ಏರಲು ಬಲ ಹತ್ತಿರ ಹತ್ತಿರ ಎರಡು ಪಟ್ಟು ಬೇಕು, ಏಕೆಂದರೆ ಬಲ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಐದು ಸೆಕೆಂಡು ಇಳಿಸಲು ತಿಂಗಳು ಹಿಡಿದರೆ ಬೇಸರ ಬೇಡ.

@ಮೂರನೇ_ಸೀಟು

ಮರಳುವಾಗ 2 ಸೆಕೆಂಡು ಅಂದಿರಲ್ಲ, ಇಡೀ ಆಟದಲ್ಲಿ ಹೊಸಬರು ನಂಬದೇ ಇರುವುದು ಅದನ್ನೇ. ಬೇಗ ಮುಂದೆ ಬಂದರೆ ಬೇಗ ಎಳೆಯಬಹುದಲ್ಲ ಅನ್ನಿಸುತ್ತದೆ. ಯಾಕೆ ಕೂಡದು ಅಂತ ಹೇಳುತ್ತೇನೆ.

ಸಿಂಗಲ್‌ನಲ್ಲಿ ದೋಣಿ 14ರಿಂದ 16 ಕೆಜಿ, ಕೂತವರು 60, 70, 80 ಕೆಜಿ. ಸೀಟಿನ ಮೇಲೆ ಮೈ ಸ್ಟರ್ನ್ ಕಡೆ ಸರಿಯುವಾಗ ಹಗುರಾದ ದೋಣಿ ಮೈಯ ಕೆಳಗಿನಿಂದ ಬೋ ಕಡೆಗೆ ಓಡುತ್ತದೆ. ಅದಕ್ಕೇ ದೋಣಿಯ ವೇಗ ಅತಿ ಹೆಚ್ಚಿರುವುದು ಎಳೆಯುವಾಗ ಅಲ್ಲ, ಮರಳುವಾಗ. ಅತಿ ಕಡಿಮೆ ಇರುವುದು ಹುಟ್ಟು ನೀರಿಗಿಟ್ಟ ಕೂಡಲೇ. ಕೊನೆಯಲ್ಲಿ ಧಡ್ ಅಂತ ಮುಂದೆ ಬಂದು ಪಾದದಿಂದ ಹಲಗೆಗೆ ಗುದ್ದಿದರೆ ಅಷ್ಟೂ ತೂಕ ದೋಣಿಯನ್ನು ಹಿಂದಕ್ಕೆ ಒದೆಯುತ್ತದೆ. ಸ್ಟರ್ನ್ ಒಮ್ಮೆ ಕುಸಿದು ಏಳುವುದು ಕಣ್ಣೆದುರೇ ಕಾಣುತ್ತದೆ. ಹಿಂದೆ ಉಳಿಯುವ ನೀರಿನ ಗೆರೆ ನೇರವಾಗಿ, ಗುಳ್ಳೆಗಳ ಸದ್ದು ಒಂದೇ ಸಮನಾಗಿ ಇದ್ದರೆ ಸರಿಯಾಗಿ ಮರಳುತ್ತಿದ್ದೀರಿ.

ಎಳೆಯುವುದು ಕಾಲಿನ ಕೆಲಸ, ದೋಣಿಯನ್ನು ನೇರ ಇಡುವುದು ಕೈಯ ಕೆಲಸ, ಅದಕ್ಕೆ ಬೇಕಾದ ಸಮಯ ಸಿಗುವುದು ಮರಳುವಾಗ. ಹೊಸಬರಿಗೆ ನಾನು ಹೇಳಬೇಕಾದ್ದು ಅಷ್ಟೂ ಇದರಲ್ಲೇ ಇದೆ.

@ಎಡಗೈ_ಮೇಲೆ

ಕೈಯ ವಿಷಯ ಬಂದಿದ್ದಕ್ಕೆ ಅದನ್ನು ಹತ್ತಿರದಿಂದ ನೋಡೋಣ.

ಹಿಡಿಯನ್ನು ಮುಷ್ಟಿಯಲ್ಲಿ ಹಿಸುಕಬಾರದು. ಬಾವಿಯ ಕೊಡದ ಹಿಡಿಗೆ ಬೆರಳು ಕೊಕ್ಕೆಯಾಗಿ ಸಿಕ್ಕಿಸುತ್ತೇವಲ್ಲ, ಹಾಗೆ. ಭಾರ ಬೆರಳುಗಳ ನಡುಗಂಟಿನ ಮೇಲೆ, ಅಂಗೈ ಹಿಡಿಗೆ ಅಂಟಿರಬಾರದು. ಮುಂಗೈ ಮತ್ತು ಕೈಬೆನ್ನು ಒಂದೇ ಸಮ. ಸ್ಕಲ್ ಹುಟ್ಟುಗಳ ಹಿಡಿಗಳು ನಡುವೆ ಒಂದರ ಮೇಲೊಂದು 16ರಿಂದ 20 ಸೆಂಮೀ ಹಾಯುತ್ತವೆ. ಆದ್ದರಿಂದ ಎರಡೂ ಕೈ ಒಂದೇ ಎತ್ತರದಲ್ಲಿ ಇರಲಾರವು. ರೂಢಿ ಏನೆಂದರೆ ಎಡಗೈ ಮೇಲೆ. ಮರಳುವಾಗ ಎಡಗೈ ತುಸು ಮುಂದೆ ಹೋಗುತ್ತದೆ, ಬಲಗೈ ಅದರ ಹಿಂದೆ ತುಸು ಕೆಳಗೆ ಸಾಗುತ್ತದೆ. ಎಡಗೈಯ ಗೇಟನ್ನು ಬಲಗೈಯದಕ್ಕಿಂತ 1ರಿಂದ 2 ಸೆಂಮೀ ಎತ್ತರಿಸಿರುವುದು ಇದಕ್ಕೇ. ಬೆರಳ ಗೆಣ್ಣು ಇನ್ನೊಂದು ಕೈಯ ಉಗುರಿಗೆ ತಾಗಿ ರಕ್ತ ಬರುತ್ತಿದ್ದರೆ ಒಂದು ಕೈ ಮೇಲೆ, ಇನ್ನೊಂದು ಕೆಳಗೆ ಅಂತ ದೂರ ಮಾಡಿಕೊಳ್ಳುತ್ತಾರೆ, ಆಗ ದೋಣಿ ವಾಲುತ್ತದೆ. ದೂರ ಮಾಡಬೇಕಾದ್ದು ಹಿಂದೆ ಮುಂದೆ. ಉಗುರು ಕತ್ತರಿಸಿಕೊಂಡು ಬನ್ನಿ.

ವಾಲುವುದರ ಲೆಕ್ಕ ಸುಲಭ: ಯಾವ ಕೈ ಇಳಿದಿದೆಯೋ ದೋಣಿ ಆ ಕಡೆ ವಾಲುತ್ತದೆ. ಬಲಕ್ಕೆ ವಾಲಿದರೆ ಬಲಗೈ ಎತ್ತಿ. ಮೈ ಎಡಕ್ಕೆ ಎಸೆಯಬೇಡಿ. ಮೈ ಎಸೆದವರು ಮುಂದಿನ ಗಳಿಗೆಯಲ್ಲಿ ಇನ್ನೊಂದು ಕಡೆಗೆ ವಾಲಿರುತ್ತಾರೆ.

ಹುಟ್ಟಿನ ತುದಿಯ ಅಗಲದ ಹಲಗೆಯೇ ಬ್ಲೇಡ್. ನೀರಿನಲ್ಲಿ ಇರುವಾಗ ಬ್ಲೇಡ್ ಸ್ಕ್ವೇರ್, ಅಂದರೆ ನೀರಿಗೆ ನೆಟ್ಟಗೆ. ಹೊರಬಂದ ಮೇಲೆ ಫೆದರ್, ಅಂದರೆ ತಟ್ಟೆಯಂತೆ ಮಟ್ಟಸ, ಗಾಳಿ ಕಡಿಮೆ ತಾಗಲಿ ಅಂತ. ತಿರುಗಿಸುವುದು ಬೆರಳಿನಿಂದ ಉರುಳಿಸಿ, ಮಣಿಕಟ್ಟು ಮಡಚಿ ಅಲ್ಲ. ಮಡಚಿದರೆ ಮುಂಗೈಯ ಸ್ನಾಯುರಜ್ಜು ಊದಿಕೊಂಡು ವಾರಗಟ್ಟಲೆ ಹುಟ್ಟು ಹಿಡಿಯಲು ಆಗದು.

@ಮುಂಜಾನೆ_ಐದೂವರೆ

ಏಡಿ ಹಿಡಿಯೋದು ಅಂತಾರಲ್ಲ, ಅದೇನು? ಯಾಕೆ ಆಗುತ್ತದೆ?

@ಎಡಗೈ_ಮೇಲೆ

ಬ್ಲೇಡ್ ನೀರಿನಲ್ಲಿ ಸಿಕ್ಕಿಕೊಂಡು ಹೊರಬರದೆ ಹಿಡಿ ಬಂದು ಹೊಟ್ಟೆಗೆ ಗುದ್ದುವುದಕ್ಕೆ ಕ್ರ್ಯಾಬ್ ಎನ್ನುತ್ತಾರೆ. ಆಗುವುದು ಎಳೆತದ ಕೊನೆಯಲ್ಲಿ, ಕಾಲು ಸೆಕೆಂಡಿನ ಒಳಗೆ. ಕ್ರಮ ಹೀಗಿರಬೇಕು: ಹಿಡಿ ಪಕ್ಕೆಗೆ ಬಂತು, ಕೈಯನ್ನು ಮೂರು ನಾಲ್ಕು ಬೆರಳಷ್ಟು ಕೆಳಕ್ಕೆ ತಟ್ಟಿದಿರಿ, ಬ್ಲೇಡ್ ನೆಟ್ಟಗೇ ನೀರಿನಿಂದ ಮೇಲೆ ಬಂತು, ಆಮೇಲೆ ಉರುಳಿಸಿದಿರಿ. ಹೊಸಬರು ತಟ್ಟುವುದಕ್ಕೂ ಮುಂಚೆ ಉರುಳಿಸುತ್ತಾರೆ. ನೀರೊಳಗೇ ಬ್ಲೇಡ್ ಮಟ್ಟಸವಾಗುತ್ತದೆ. ದೋಣಿ ಇನ್ನೂ ಓಡುತ್ತಿದೆ, ಎದುರಿಂದ ಬರುವ ನೀರು ಬ್ಲೇಡಿನ ಅಂಚಿಗೆ ಬಡಿದು ಅದನ್ನು ಆಳಕ್ಕೆ ಎಳೆಯುತ್ತದೆ. ಬ್ಲೇಡ್ ಇಳಿದಷ್ಟೂ ಹಿಡಿ ಮೇಲೇಳುತ್ತದೆ, ಬೋ ಕಡೆಗೆ ನುಗ್ಗುತ್ತದೆ.

ಸಿಕ್ಕಿಕೊಂಡಾಗ ಜಗ್ಗಾಡಬೇಡಿ. ಇನ್ನೊಂದು ಹುಟ್ಟನ್ನು ನೀರಿನ ಮೇಲೆ ಚಪ್ಪಟೆ ಇಡಿ, ಅದರ ಹಿಡಿ ಬಿಡಬೇಡಿ. ದೋಣಿ ನಿಧಾನವಾದಾಗ ನೀರಿನ ಒತ್ತಡ ಇಳಿಯುತ್ತದೆ, ಆಗ ಸಿಕ್ಕಿಕೊಂಡ ಹಿಡಿಯನ್ನು ಕೆಳಕ್ಕೆ ಒತ್ತಿದರೆ ಬ್ಲೇಡ್ ತಾನೇ ಮೇಲೆ ಬರುತ್ತದೆ. ಎಯ್ಟ್‌ನಲ್ಲಿ ಉದ್ದನೆಯ ಹುಟ್ಟಿನ ಹೊಡೆತ ಬಲವಾಗಿರುತ್ತದೆ, ಅಲ್ಲಿ ಹಿಂದಕ್ಕೆ ಮಲಗಿ ಹಿಡಿಯನ್ನು ತಲೆಯ ಮೇಲಿಂದ ಹೋಗಲು ಬಿಡಬೇಕು.

ತಡೆಯಲು ಮದ್ದು ಒಂದೇ: ಮೊದಲ ಹತ್ತು ಸಲ ಫೆದರ್ ಮಾಡಲೇಬೇಡಿ. ಇಡೀ ಹೊತ್ತು ನೆಟ್ಟಗಿನ ಬ್ಲೇಡಿನಲ್ಲೇ ಎಳೆಯಿರಿ. ಕೈ ಸಾಕಷ್ಟು ಇಳಿಯದಿದ್ದರೆ ಬ್ಲೇಡಿನ ಕೆಳ ಅಂಚು ನೀರಿಗೆ ತಾಗಿ ತಕ್ಷಣ ಗೊತ್ತಾಗುತ್ತದೆ.

@ಮೂರನೇ_ಸೀಟು

ನೆಟ್ಟಗಿನ ಬ್ಲೇಡ್ ಅಭ್ಯಾಸ ಬೇಕೇ ಬೇಕು. ಆದರೆ ಹತ್ತೂ ಸಲ ಅದೇ ಅಂದರೆ ಕಷ್ಟ, ಸ್ವಲ್ಪ ಅಲೆ ಎದ್ದರೂ ಹೊಸಬರಿಗೆ ಆಗುವುದಿಲ್ಲ. ಫೆದರ್ ಮಾಡಿದ ಬ್ಲೇಡ್ ನೀರಿಗೆ ತಾಗಿದರೆ ಜಾರಿಹೋಗುತ್ತದೆ, ನೆಟ್ಟಗಿದ್ದದ್ದು ತಾಗಿದರೆ ದೋಣಿ ಅಲುಗಾಡುತ್ತದೆ. ಪ್ರತಿ ಸಲ ಮೊದಲ 500 ಮೀಟರ್ ನೆಟ್ಟಗೆ, ಆಮೇಲೆ ಫೆದರ್, ಗಾಳಿ ಎದ್ದ ದಿನ ಪೂರ್ತಿ ಫೆದರ್.

ಕ್ಯಾಚ್, ಅಂದರೆ ಬ್ಲೇಡನ್ನು ನೀರಿಗಿಡುವ ಗಳಿಗೆ, ಅದರ ಬಗ್ಗೆ ಎರಡು ಮಾತು. ಮುಂದೆ ಬಂದು ಮುಗಿಯುವ ಹೊತ್ತಿಗೆ ಕೈ ಮೇಲಕ್ಕೆ ಹೋಗಬೇಕು, ಆಗ ಬ್ಲೇಡ್ ತನ್ನ ಭಾರಕ್ಕೇ ನೀರಿಗಿಳಿಯುತ್ತದೆ. ಹೊಸಬರು ಅದೇ ಹೊತ್ತಿಗೆ ಪಾದದ ಕಡೆ ಕುಸಿದು ಕೈ ಇಳಿಸುತ್ತಾರೆ, ಬ್ಲೇಡ್ ಆಕಾಶ ನೋಡುತ್ತದೆ, ಗಾಳಿಯಲ್ಲೇ ಒಂದು ಗೇಣು ಎಳೆತ ಕಳೆದುಹೋಗುತ್ತದೆ. ಇಳಿಸಿದ ಮೇಲೆ ಆಳ ಎಷ್ಟು? ಬ್ಲೇಡ್ ಮುಳುಗಿದರೆ ಸಾಕು. ಹುಟ್ಟಿನ ಕೋಲು ಗೇಟಿನ ಕಡೆಗೆ ಅರ್ಧದವರೆಗೆ ಒದ್ದೆಯಾಗಿದ್ದರೆ ಎಳೆಯುವಾಗ ಕೈ ಎತ್ತುತ್ತಿದ್ದೀರಿ.

@ಕೆರೆದಂಡೆ

ದೋಣಿಗೆ ಹತ್ತುವುದನ್ನು ಯಾರೂ ಬರೆದಿಲ್ಲ, ಮೊದಲ ಮಗುಚುವಿಕೆ ಹೆಚ್ಚಾಗಿ ಆಗುವುದು ದಂಡೆಯಲ್ಲೇ.

ದೋಣಿ ನೀರಿಗೆ ಇಳಿಸುವಾಗ ಅಡಿಯಲ್ಲಿರುವ ಸಣ್ಣ ರೆಕ್ಕೆ ಕಟ್ಟೆಗೆ ತಾಗದಂತೆ ಕೈ ಚಾಚಿ ದೂರ ಇಳಿಸಿ. ಹುಟ್ಟುಗಳನ್ನು ಗೇಟಿನಲ್ಲಿ ಕೂರಿಸಿ ತಿರುಪು ಬಿಗಿಯಿರಿ. ನೀರಿನ ಕಡೆಯ ಹುಟ್ಟನ್ನು ಪೂರ್ತಿ ಹೊರಕ್ಕೆ ತಳ್ಳಿ. ಈಗ ಎರಡೂ ಹಿಡಿಗಳನ್ನು ಒಟ್ಟಿಗೆ ನೀರಿನ ಕಡೆಯ ಕೈಯಲ್ಲಿ ಹಿಡಿಯಿರಿ, ಇಳಿಯುವವರೆಗೂ ಹಿಡಿ ಬಿಡುವ ಹಾಗಿಲ್ಲ. ಆ ಎರಡು ಹುಟ್ಟುಗಳೇ ದೋಣಿಯ ಊರುಗೋಲು. ಇನ್ನೊಂದು ಕೈ ದಂಡೆಯ ಕಡೆಯ ರಿಗ್ಗರ್ ಮೇಲೆ. ಹಳಿಗಳ ನಡುವೆ ಇರುವ ಸಣ್ಣ ಹಲಗೆಯ ಮೇಲೆ ಮಾತ್ರ ಕಾಲಿಡಿ. ಅದರ ಆಚೀಚೆ ಇರುವುದು ಕೆಲವೇ ಮಿಲಿಮೀಟರ್ ದಪ್ಪದ ಚಿಪ್ಪು, ಹಿಮ್ಮಡಿ ತೂರಿಹೋಗುತ್ತದೆ. ಕೂತು, ಪಾದ ಶೂಗಳಿಗೆ ಹಾಕಿ.

ಶೂಗಳನ್ನು ಎರಡು ಕಡೆ ಪರೀಕ್ಷಿಸಿ. ಹಿಮ್ಮಡಿಯಿಂದ ಹಲಗೆಗೆ ಒಂದು ಗಟ್ಟಿ ದಾರ ಕಟ್ಟಿರಬೇಕು, ಹಿಮ್ಮಡಿ 5ರಿಂದ 7 ಸೆಂಮೀಗಿಂತ ಮೇಲೇಳಬಾರದು. ಮಗುಚಿದಾಗ ಪಾದ ಎಳೆದರೆ ದಾರ ಶೂವನ್ನು ತಡೆಯುತ್ತದೆ, ಪಾದ ಹೊರಬರುತ್ತದೆ. ಎರಡನೆಯದು ಪಟ್ಟಿ: ಒಂದೇ ಕೈಯಿಂದ ಒಂದೇ ಸಲ ಎಳೆದರೆ ಎರಡೂ ಬಿಚ್ಚಬೇಕು. ದಾರ ಹರಿದಿದ್ದರೆ ಅವತ್ತು ನೀರಿಗಿಳಿಯುವುದು ಬೇಡ.

ಸ್ಟ್ರೆಚರ್ ಜಾಗ ಹೀಗೆ ನೋಡಿ. ಕಾಲು ಚಾಚಿ, ಬೆನ್ನು ತುಸು ಹಿಂದೆ, ಬ್ಲೇಡ್ ನೆಟ್ಟಗೆ ನೀರಿನಲ್ಲಿ. ಹೆಬ್ಬೆರಳು ಪಕ್ಕೆಯ ಬದಿಗೆ ಸವರಿದಂತೆ ತಾಗಬೇಕು. ಹಿಡಿ ಹೊಟ್ಟೆಗೆ ಸಿಕ್ಕಿಕೊಂಡರೆ ಸ್ಟ್ರೆಚರ್ ಬೋ ಕಡೆ ಸರಿಸಿ. ಮುಂದೆ ಇನ್ನೂ ದೂರ ಉಳಿದರೆ ಸ್ಟರ್ನ್ ಕಡೆಗೆ. ಮರಳುವಾಗ ಹಿಡಿ ತೊಡೆಗೆ ಬಡಿಯುತ್ತಿದ್ದರೆ ಗೇಟು ತಗ್ಗಿದೆ, ಕೆಳಗೆ ಒಂದೆರಡು ವಾಷರ್ ಸೇರಿಸಿ ಎತ್ತರಿಸಿ.

ಬಟ್ಟೆ ಮೈಗೆ ಅಂಟಿದಂತಿರಲಿ. ಸಡಿಲ ಚಡ್ಡಿ ಸೀಟಿನ ಗಾಲಿಗೆ ಸಿಕ್ಕಿಕೊಳ್ಳುತ್ತದೆ, ಜೇಬಿಗೆ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ.

@ಅಡ್ಯಾರ್_ತೀರ

ಎಲ್ಲಿ ಕಲಿಯೋದು ಅಂತ ಕೇಳುವವರಿಗೆ. ಬೆಂಗಳೂರಿನ ಹಲಸೂರು ಕೆರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ರೋವರ್‌ಗಳು ಅಭ್ಯಾಸ ಮಾಡುವ ನೀರು. ಚೆನ್ನೈನ ಅಡ್ಯಾರ್ ನದಿಯಲ್ಲಿರುವ ಮದ್ರಾಸ್ ಬೋಟ್ ಕ್ಲಬ್ 1867ರದು, ಕೋಲ್ಕತ್ತಾದ ಕ್ಯಾಲ್ಕಟ್ಟಾ ರೋಯಿಂಗ್ ಕ್ಲಬ್ 1858ರದು. ಹೈದರಾಬಾದಿನ ಹುಸೇನ್ ಸಾಗರ, ಭೋಪಾಲದ ದೊಡ್ಡ ಕೆರೆ, ಚಂಡೀಗಢದ ಸುಖ್ನಾ, ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನ ಕಾಲುವೆ ಇವೆಲ್ಲ ರೋಯಿಂಗ್ ನಡೆಯುವ ಜಾಗಗಳು. ರೋಯಿಂಗ್ ಫೆಡರೇಷನ್ ಆಫ್ ಇಂಡಿಯಾ 1976ರಲ್ಲಿ ಶುರುವಾಯಿತು. ಆಯಾ ರಾಜ್ಯದ ಸಂಘದಲ್ಲಿ ವಿಚಾರಿಸಿದರೆ ಹೊಸಬರನ್ನು ಎಲ್ಲಿ ಸೇರಿಸಿಕೊಳ್ಳುತ್ತಾರೆ ಅಂತ ತಿಳಿಯುತ್ತದೆ. ಹೊಸ ದೋಣಿಗೆ ಲಕ್ಷಗಟ್ಟಲೆ ಬೇಕು, ಆದ್ದರಿಂದ ಸ್ವಂತ ಕೊಳ್ಳುವ ಯೋಚನೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿ.

ನಮ್ಮ ಕೆರೆಗಳಲ್ಲಿ ಒಂದು ವಿಶೇಷ ತೊಂದರೆ ಜಲಕಳೆ. ಅಂತರಗಂಗೆಯ ಒಂದು ಬೇರು ಅಡಿಯ ರೆಕ್ಕೆಗೆ ಸುತ್ತಿಕೊಂಡರೆ ದೋಣಿ ಭಾರವಾಗುತ್ತದೆ, ದಿಕ್ಕು ಎಳೆಯುತ್ತದೆ. ಕಾರಣ ತಿಳಿಯದೆ ಹೊಸಬರು ತಮ್ಮ ಎಳೆತವನ್ನೇ ದೂರುತ್ತಾರೆ. ನಿಲ್ಲಿಸಿ, ಎರಡು ಮೂರು ಸಲ ಹಿಂದಕ್ಕೆ ತಳ್ಳಿ, ಬಿಟ್ಟುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಆ ಕ್ಷಣ ದಂಡೆಗೆ ಬನ್ನಿ. ತೆರೆದ ನೀರಿನ ನಡುವೆ ಅತಿ ಎತ್ತರದ ವಸ್ತು ನೀವೇ, ಕಾರ್ಬನ್ ಹುಟ್ಟು ವಿದ್ಯುತ್ ಹರಿಸುತ್ತದೆ.

@ಬಾಸ್ಟನ್_ಕನ್ನಡಿಗ

ಹೊರದೇಶದಲ್ಲಿ ಕಲಿಯುವವರಿಗೆ ಒಂದು ಸೇರ್ಪಡೆ. ಇಲ್ಲಿ ಚಾರ್ಲ್ಸ್ ನದಿಯಲ್ಲೂ ಇಂಗ್ಲೆಂಡಿನ ನದಿಗಳಲ್ಲೂ ವಸಂತದ ಬಿಸಿಲು ನೋಡಿ ಮೋಸಹೋಗಬೇಡಿ. ಗಾಳಿ 20 ಡಿಗ್ರಿ ಇದ್ದರೂ ನೀರು 8 ಡಿಗ್ರಿ ಇರಬಹುದು. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ನಮ್ಮ ಹಿಡಿತದಲ್ಲಿ ಇರುವುದಿಲ್ಲ, ಏದುಸಿರು ಬರುತ್ತದೆ. ಆ ನಿಮಿಷ ಈಜಲು ಹೋಗಬೇಡಿ, ದೋಣಿಗೆ ಅಂಟಿಕೊಂಡು ತಲೆ ಮೇಲಿಡಿ. ಹತ್ತು ನಿಮಿಷದಲ್ಲಿ ಬೆರಳು ಮರಗಟ್ಟುತ್ತವೆ, ಹತ್ತುವುದಿದ್ದರೆ ಅದರೊಳಗೆ. ಕೋಚಿನ ಮೋಟಾರ್ ದೋಣಿ ಜೊತೆಗಿಲ್ಲದೆ ತಣ್ಣನೆಯ ನೀರಿನಲ್ಲಿ ಸಿಂಗಲ್ ಬೇಡವೇ ಬೇಡ.

@ಮುಂಜಾನೆ_ಐದೂವರೆ

ಮಗುಚಿದ ಮೇಲೆ ಮತ್ತೆ ಹತ್ತುವುದು ಹೇಗೆ? ಬೊಬ್ಬೆ ಎದ್ದರೆ ಕೈಗವಸು ಹಾಕಬಹುದಾ?

@ಕೆರೆದಂಡೆ

ಕೈಗವಸು ಬೇಡ. ಹಿಡಿ ದಪ್ಪವಾಗಿ ಹಿಸುಕುವುದು ಇನ್ನೂ ಹೆಚ್ಚಾಗುತ್ತದೆ. ಬೊಬ್ಬೆಯ ಚರ್ಮ ಕೀಳಬೇಡಿ, ತೊಳೆದು ಒಣಗಿಸಿ, ಎಳೆಯುವಾಗ ಮಾತ್ರ ಟೇಪ್ ಸುತ್ತಿ. ಪ್ರತಿ ದಿನ ಮುಗಿದ ಮೇಲೆ ಹಿಡಿಗಳನ್ನು ಸೋಪು ನೀರಿನಲ್ಲಿ ಉಜ್ಜಿ, ಹಿಂದಿನವರ ಬೊಬ್ಬೆಯ ನೀರು ಅದರಲ್ಲೇ ಇರುತ್ತದೆ. ಬೊಬ್ಬೆ ಬೆರಳ ಬುಡದಲ್ಲಿ ಎದ್ದರೆ ಸಹಜ, ಅಂಗೈ ನಡುವೆ ಎದ್ದರೆ ಹಿಡಿತ ತಪ್ಪಿದೆ.

ಹತ್ತುವುದು: ಪಟ್ಟಿ ಎಳೆದು ಪಾದ ಬಿಡಿಸಿಕೊಂಡಿರಿ, ದೋಣಿ ಬಿಟ್ಟು ಒಂದು ಮಾರು ಕೂಡ ದೂರ ಹೋಗಬೇಡಿ. ದೋಣಿ ಬೋರಲಾಗಿದ್ದರೆ ಹತ್ತಿರದ ರಿಗ್ಗರ್ ಮೇಲೆ ಪಾದ ಒತ್ತಿ, ಆಚೆಯ ರಿಗ್ಗರನ್ನು ಅಡಿಯ ಮೇಲಿಂದ ಕೈ ಚಾಚಿ ನಿಮ್ಮ ಕಡೆ ಎಳೆಯಿರಿ, ಮೇಲ್ಮುಖ ಆಗುತ್ತದೆ. ಸೀಟಿನ ಪಕ್ಕಕ್ಕೆ ಬನ್ನಿ. ಎರಡೂ ಹುಟ್ಟನ್ನು ದೋಣಿಗೆ ಅಡ್ಡವಾಗಿ, ಬ್ಲೇಡ್ ಚಪ್ಪಟೆಯಾಗಿ ನೀರಿನ ಮೇಲೆ ಮಾಡಿ, ಎರಡೂ ಹಿಡಿ ಸ್ಟರ್ನ್ ಕಡೆಯ ಕೈಯಲ್ಲಿ ಒಟ್ಟಿಗೆ. ಇನ್ನೊಂದು ಕೈ ದೋಣಿಯ ಆಚೆ ಅಂಚಿಗೆ. ಕಾಲು ಜೋರಾಗಿ ಬಡಿದು ಹೊಟ್ಟೆ ಅಡ್ಡ ಬೀಳುವಂತೆ ಜಿಗಿಯಿರಿ, ಹಾಗೇ ಎರಡು ಉಸಿರು ಮಲಗಿ, ಆಮೇಲೆ ಮೈ ತಿರುಗಿಸಿ ಕುಂಡೆಯನ್ನು ಸೀಟಿನ ಜಾಗಕ್ಕೆ ತನ್ನಿ. ಕಾಲು ಎರಡೂ ಬದಿ ನೀರಿಗೆ ಇಳಿಬಿಟ್ಟು ಕೂತರೆ ದೋಣಿ ಅಲುಗಾಡದೆ ನಿಲ್ಲುತ್ತದೆ, ಪಾದ ಒಳಗೆ ತರುವುದು ಅದಾದ ಮೇಲೆ. ಮೂರು ಸಲ ಪ್ರಯತ್ನಿಸಿಯೂ ಆಗದಿದ್ದರೆ ಶಕ್ತಿ ಕಳೆದುಕೊಳ್ಳಬೇಡಿ, ಸ್ಟರ್ನ್ ಮೇಲೆ ಎದೆ ಹಾಕಿ ಕಾಲು ಬಡಿಯುತ್ತ ದಂಡೆಗೆ ಬನ್ನಿ. ಇದನ್ನು ಮೊದಲ ವಾರವೇ ದಂಡೆಯ ಹತ್ತಿರ, ಎದೆಮಟ್ಟದ ನೀರಿನಲ್ಲಿ, ಬೇಕೆಂದೇ ಮಗುಚಿ ಮೂರು ಸಲ ಮಾಡಿ ನೋಡಿ.

@ಮೂರನೇ_ಸೀಟು

ಸಿಂಗಲ್‌ನಲ್ಲಿ ದಿಕ್ಕು ನೋಡುವುದು ಉಳಿಯಿತು. ಸ್ಟರ್ನ್ ತುದಿಯ ನೇರಕ್ಕೆ ದಂಡೆಯ ಒಂದು ಮರವನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳಿ, ಅದು ಕದಲದಿದ್ದರೆ ನೇರ ಹೋಗುತ್ತಿದ್ದೀರಿ. ಪ್ರತಿ ಐದು ಎಳೆತಕ್ಕೆ ಒಮ್ಮೆ, ಕೈ ಮಂಡಿ ದಾಟುವ ಹೊತ್ತಿಗೆ ತಲೆ ಮಾತ್ರ ತಿರುಗಿಸಿ ಹಿಂದೆ ನೋಡಿ. ಒಮ್ಮೆ ಎಡ ಭುಜದ ಮೇಲಿಂದ, ಮುಂದಿನ ಸಲ ಬಲದಿಂದ. ಭುಜ ತಿರುಗಿದರೆ ಕೈ ಇಳಿಯುತ್ತದೆ, ದೋಣಿ ವಾಲುತ್ತದೆ. ಯಾರಾದರೂ ಅಡ್ಡ ಬಂದರೆ ಎಳೆಯುವುದು ನಿಲ್ಲಿಸಿ ಬ್ಲೇಡ್ ಚಪ್ಪಟೆ ನೀರಿನ ಮೇಲೆ ಇಡಿ, ಆಮೇಲೆ ನಿಧಾನಕ್ಕೆ ನೆಟ್ಟಗೆ ತಿರುಗಿಸಿ ಒಳಗೆ ಒತ್ತಿ ಹಿಡಿಯಿರಿ. ಒಂದೇ ಸಲಕ್ಕೆ ನೆಟ್ಟಗೆ ಚುಚ್ಚಿದರೆ ಓಡುತ್ತಿರುವ ದೋಣಿಯಿಂದ ನೀವೇ ಹೊರಗೆ ಬೀಳುತ್ತೀರಿ. ಹೊಸ ಕೆರೆಗೆ ಹೋದಾಗ ದೋಣಿಗಳು ಯಾವ ಬದಿಯಲ್ಲಿ ಹೋಗಿ ಯಾವ ಬದಿಯಲ್ಲಿ ಮರಳುತ್ತವೆ ಅಂತ ಇಳಿಯುವ ಮುಂಚೆಯೇ ಕೇಳಿಕೊಳ್ಳಿ.